ತಲೆಗೆ ಹಚ್ಚಿದ್ದು ಹೊಳೆಗೆ ಬಂತು: ಕ್ಯಾಲಿಫೋರ್ನಿಯದ ಲಿಂಡೇನ್ ನಿಷೇಧ

ಲಾಸ್ ಏಂಜಲೀಸ್ ಕೌಂಟಿಯ ಒಳಚರಂಡಿ ಸಂಸ್ಥೆಗೆ 1990ರ ದಶಕದ ಕೊನೆಯಲ್ಲಿ ಒಂದು ಹೊಸ ತಲೆನೋವು ಶುರುವಾಯಿತು. ಸುಮಾರು 50 ಲಕ್ಷ ಜನರ ಮನೆಗಳ ಕೊಳಚೆ ನೀರನ್ನು ನೋಡಿಕೊಳ್ಳುವ ಸಂಸ್ಥೆ ಅದು. ಶುದ್ಧ ಮಾಡಿದ ನೀರಿನಲ್ಲಿ ಒಂದು ಪಾಲು ಸ್ಯಾನ್ ಗೇಬ್ರಿಯಲ್‌ನಂಥ ಹೊಳೆಗಳಿಗೆ ಹೋಗುತ್ತದೆ, ಅಲ್ಲಿಂದ ನೆಲಕ್ಕೆ ಇಂಗಿ ಅಂತರ್ಜಲ ಸೇರುತ್ತದೆ. ಹೀಗೆ ಹೊರಬಿಡುವ ನೀರಿನಲ್ಲಿ ಲಿಂಡೇನ್ ಎಂಬ ಕೀಟನಾಶಕ ಸಿಗತೊಡಗಿತು. ಪ್ರಮಾಣ ತೀರಾ ಚಿಕ್ಕದು, ನಿಜ. ಆದರೆ ಬರಲಿದ್ದ ಹೊಸ ನಿಯಮದ ಮಿತಿಯನ್ನು ಅದು ದಾಟುತ್ತಿತ್ತು.

ಊರೊಳಗಿನ ಚರಂಡಿಗೆ ಕೀಟನಾಶಕ ಬರಬೇಕಾದರೆ ಎಲ್ಲಿಂದ ಬರಬೇಕು? ಅಲ್ಲಿ ಹೊಲವಿಲ್ಲ, ತೋಟವಿಲ್ಲ, ಬೀಜೋಪಚಾರ ಮಾಡುವವರೂ ಇಲ್ಲ. ಜಾಡು ಹಿಡಿದು ಹೋದರೆ ಅದು ನಿಂತದ್ದು ಜನರ ಬಚ್ಚಲಮನೆಯಲ್ಲಿ. ಹೇನಿಗೆ ಹಾಕುವ ಶಾಂಪೂ, ಕಜ್ಜಿಗೆ ಹಚ್ಚುವ ಲೋಷನ್. ಡಾಕ್ಟರು ಚೀಟಿ ಬರೆದು ಕೊಟ್ಟ ಔಷಧಿ.

ನಮ್ಮ ಭಾಷೆಯಲ್ಲಿ ಈ ಕಥೆ ಹೇಳುವುದು ಒಂದು ರೀತಿಯಲ್ಲಿ ಸುಲಭ. ರೈತ ಗಿಡಕ್ಕೆ ಹೊಡೆಯುವುದೂ ಔಷಧಿ, ಮಗುವಿಗೆ ಕುಡಿಸುವುದೂ ಔಷಧಿ. ಇಂಗ್ಲಿಷಿನವರು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು, ಬೇರೆ ಬೇರೆ ಇಲಾಖೆಗೆ ಕೊಟ್ಟು, ಎರಡೂ ಒಂದೇ ವಸ್ತು ಎಂಬುದನ್ನು ಮರೆತುಬಿಟ್ಟಿದ್ದರು.

ಲಿಂಡೇನ್ ಅಂದರೆ ಏನು

ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1825ರಲ್ಲಿ ಬೆಂಜೀನ್ ಮತ್ತು ಕ್ಲೋರಿನ್ ಸೇರಿಸಿ ಒಂದು ವಸ್ತು ಮಾಡಿದ. ಅದರಿಂದ ಹುಳ ಸಾಯುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಆ ಗೊತ್ತಾಗುವಿಕೆಗೆ 1940ರ ದಶಕದವರೆಗೆ ಕಾಯಬೇಕಾಯಿತು. ಅದೇ ಬಿಎಚ್‌ಸಿ. ನಮ್ಮ ಹಿರಿಯರ ಬಾಯಲ್ಲಿ ಗಮಾಕ್ಸಿನ್ ಪುಡಿ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ಮಂಗ ಸತ್ತು ಬಿದ್ದ ಜಾಗದ ಸುತ್ತ ರೋಗ ಹರಡುವ ಉಣ್ಣೆಹುಳ ಸಾಯಲಿ ಎಂದು ಉದುರಿಸುತ್ತಿದ್ದದ್ದೂ ಇದೇ ಬಿಎಚ್‌ಸಿ.

ಈ ಪುಡಿಯೊಳಗೆ ಒಂದೇ ಅಣುವಿನ ಹಲವು ರೂಪಗಳಿರುತ್ತವೆ. ಆಲ್ಫಾ, ಬೀಟಾ, ಗಾಮಾ, ಹೀಗೆ. ಹುಳ ಕೊಲ್ಲುವ ಶಕ್ತಿ ಇರುವುದು ಗಾಮಾಕ್ಕೆ ಮಾತ್ರ. 1912ರಲ್ಲಿ ಇದನ್ನು ಬೇರ್ಪಡಿಸಿದ ಡಚ್ ರಸಾಯನಶಾಸ್ತ್ರಜ್ಞನ ಹೆಸರು ಟ್ಯೂನಿಸ್ ವಾನ್ ಡರ್ ಲಿಂಡೆನ್. ಅವನ ಹೆಸರೇ ವಸ್ತುವಿಗೆ ನಿಂತಿತು. ಒಂದು ಟನ್ ಲಿಂಡೇನ್ ತೆಗೆಯಬೇಕಾದರೆ ಕೆಲಸಕ್ಕೆ ಬಾರದ ಉಳಿದ ರೂಪಗಳು 6ರಿಂದ 10 ಟನ್ ಕಸವಾಗಿ ಉಳಿಯುತ್ತವೆ. ಜಗತ್ತಿನ ಹಲವು ಕಡೆ ಆ ಕಸದ ಗುಡ್ಡೆಗಳು ಈಗಲೂ ಬಿದ್ದಿವೆ. ಅದೇ ಇನ್ನೊಂದು ದೊಡ್ಡ ಕಥೆ, ಇಲ್ಲಿ ಬೇಡ.

ಹೇನು ಹೇಗೆ ಸಾಯುತ್ತದೆ? ನರಗಳಿಗೆ ಓಡು ಎನ್ನುವ ಸಂಕೇತ ಇರುವ ಹಾಗೆ, ಸಾಕು ನಿಲ್ಲು ಎನ್ನುವ ಸಂಕೇತವೂ ಇರುತ್ತದೆ. ಲಿಂಡೇನ್ ಈ ನಿಲ್ಲು ಎನ್ನುವ ಬಾಗಿಲಿಗೆ ಅಡ್ಡ ಕೂರುತ್ತದೆ. ನರಗಳು ಹಿಡಿತ ತಪ್ಪಿ ಒದ್ದಾಡಿ ಹುಳ ಸಾಯುತ್ತದೆ. ತೊಂದರೆ ಏನೆಂದರೆ ನಮ್ಮ ಮಿದುಳಿನಲ್ಲೂ ಇಂಥದೇ ಬಾಗಿಲಿದೆ. ಲಿಂಡೇನ್ ಕೊಬ್ಬಿನಲ್ಲಿ ಕರಗುವ ವಸ್ತು, ಹಾಗಾಗಿ ಚರ್ಮದ ಮೂಲಕ ಒಳಗೆ ಹೋಗಬಲ್ಲದು. ಜಾಸ್ತಿ ಹೋದರೆ ಮನುಷ್ಯನಿಗೂ ಫಿಟ್ಸ್ ಬರುತ್ತದೆ.

ಬಾಟಲಿಯಲ್ಲಿ ಇದ್ದ ಅಪಾಯ

ಅಮೆರಿಕದಲ್ಲಿ ಈ ಔಷಧಿ ಅರ್ಧ ಶತಮಾನದಷ್ಟು ಕಾಲ ಬಳಕೆಯಲ್ಲಿತ್ತು. ಕ್ವೆಲ್ ಎಂಬ ಹೆಸರಿನಲ್ಲಿ ತುಂಬಾ ಜನಕ್ಕೆ ಗೊತ್ತಿತ್ತು. ಶೇ. 1ರ ಶಾಂಪೂವನ್ನು ಒಣಕೂದಲಿಗೆ ಹಚ್ಚಿ 4 ನಿಮಿಷ ಬಿಟ್ಟು ತೊಳೆಯಬೇಕು. ಕಜ್ಜಿಯ ಲೋಷನ್ ಹಾಗಲ್ಲ. ಕುತ್ತಿಗೆಯಿಂದ ಕೆಳಗೆ ಇಡೀ ಮೈಗೆ ಹಚ್ಚಿ, 8ರಿಂದ 12 ಗಂಟೆ ಬಿಟ್ಟು ತೊಳೆಯಬೇಕು. ಹೇಳಿದ ಹಾಗೆ ಮಾಡಿದವರಲ್ಲಿ ಬಹಳ ಮಂದಿಗೆ ಏನೂ ಆಗಲಿಲ್ಲ ಎಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಒಂದೇ ಸಲ, ಸರಿಯಾಗಿ ಹಚ್ಚಿಯೂ ತೊಂದರೆಯಾದವರು ಅಪರೂಪ. ಆದರೆ ಇದ್ದರು.

ಎಡವಟ್ಟಾಗುತ್ತಿದ್ದದ್ದು ಕಜ್ಜಿಯ ಸ್ವಭಾವದಿಂದಲೇ. ಕಜ್ಜಿಯ ತುರಿಕೆ ಬರುವುದು ಹುಳ ಕಚ್ಚುವುದರಿಂದಲ್ಲ. ಚರ್ಮದೊಳಗೆ ಬಿಲ ತೋಡಿ ಕೂತ ಹುಳ, ಅದರ ಮೊಟ್ಟೆ, ಹೊಲಸು, ಇವುಗಳಿಗೆ ಮೈ ತೋರಿಸುವ ಅಲರ್ಜಿಯಿಂದ. ಹುಳ ಸತ್ತ ಮೇಲೂ ಅವೆಲ್ಲ ಚರ್ಮದೊಳಗೇ ಇರುತ್ತವೆ. ಹಾಗಾಗಿ ಔಷಧಿ ಪೂರ್ತಿ ಕೆಲಸ ಮಾಡಿದ್ದರೂ ಎರಡು ಮೂರು ವಾರ ತುರಿಕೆ ನಿಲ್ಲುವುದಿಲ್ಲ. ಇದು ಎಷ್ಟು ಜನಕ್ಕೆ ಗೊತ್ತಿರುತ್ತದೆ? ರಾತ್ರಿಯಿಡೀ ಕೆರೆದುಕೊಂಡು ಅಳುವ ಮಗುವನ್ನು ನೋಡಿದರೆ ಯಾವ ತಾಯಿಯಾದರೂ ಔಷಧಿ ನಾಟಲಿಲ್ಲ ಅಂದುಕೊಳ್ಳುತ್ತಾಳೆ. ಇನ್ನೊಂದು ಸಲ ಹಚ್ಚುತ್ತಾಳೆ. ನಾಲ್ಕು ದಿನ ಬಿಟ್ಟು ಮತ್ತೊಂದು ಸಲ. ಕೆರೆದು ಗಾಯವಾದ ಚರ್ಮ ಇನ್ನೂ ಜಾಸ್ತಿ ಹೀರುತ್ತದೆ. ಬಿಸಿನೀರಿನ ಸ್ನಾನದ ಮೇಲೆ ಹಚ್ಚಿದರೆ, ಎಣ್ಣೆ ಹಚ್ಚಿದ ಮೈಗೆ ಹಚ್ಚಿದರೆ ಮತ್ತೂ ಜಾಸ್ತಿ. ಮಕ್ಕಳ ತೂಕ ಕಡಿಮೆ, ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ದೊಡ್ಡದು. ಒಂದೇ ಬಾಟಲಿ ದೊಡ್ಡವರಿಗೆ ಒಂದು ಲೆಕ್ಕ, ಮಗುವಿಗೆ ಬೇರೆ ಲೆಕ್ಕ.

ಇನ್ನೊಂದು ಅಪಾಯ ಬಾಟಲಿಯ ಆಕಾರದ್ದು. ಔಷಧಿ ಅಂಗಡಿಯವರು ದೊಡ್ಡ ಡಬ್ಬಿಯಿಂದ ಚಿಕ್ಕ ಬಾಟಲಿಗೆ ಬಗ್ಗಿಸಿ ಕೊಡುತ್ತಿದ್ದರು. ಆ ಬಾಟಲಿ ನೋಡಲು ಥೇಟ್ ಕೆಮ್ಮಿನ ಸಿರಪ್ಪಿನ ಬಾಟಲಿಯ ಹಾಗೇ. ಜನ ಅದನ್ನು ಕುಡಿದುಬಿಟ್ಟರು. 2004ರಲ್ಲಿ ಟೆಕ್ಸಸ್‌ನ ಆರೋಗ್ಯ ಇಲಾಖೆ ಇಂಥ ಪ್ರಕರಣಗಳನ್ನು ಕೇಂದ್ರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಗಮನಕ್ಕೆ ತಂದಿತು. ದೇಶದ ವಿಷ ನಿಯಂತ್ರಣ ಕೇಂದ್ರಗಳ ದಾಖಲೆ ತೆಗೆದು ನೋಡಿದರೆ 1998ರಿಂದ 2003ರ ನಡುವೆ ಗೊತ್ತಿಲ್ಲದೆ ಲಿಂಡೇನ್ ಕುಡಿದ 870 ಪ್ರಕರಣ ಸಿಕ್ಕವು. ಚರ್ಮಕ್ಕೆ ಹಚ್ಚುವ ಒಂದು ಔಷಧಿಗೆ ಇದು ಸಣ್ಣ ಸಂಖ್ಯೆಯಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸುಮ್ಮನೆ ಕೂತಿರಲಿಲ್ಲ. 1995ರಲ್ಲಿ ಲಿಂಡೇನನ್ನು ಎರಡನೇ ಸಾಲಿಗೆ ತಳ್ಳಿತು. ಅಂದರೆ ಬೇರೆ ಔಷಧಿ ಫಲ ಕೊಡದಿದ್ದರೆ ಮಾತ್ರ. 2003ರಲ್ಲಿ ಲೇಬಲ್ಲಿನ ಮೇಲೆ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿತು. 50 ಕಿಲೋಗಿಂತ ಕಡಿಮೆ ತೂಕದವರಲ್ಲಿ ಹುಷಾರಾಗಿರಿ, ಹತೋಟಿಗೆ ಬಾರದ ಫಿಟ್ಸ್ ಕಾಯಿಲೆ ಇದ್ದವರಿಗೆ ಬೇಡವೇ ಬೇಡ, ಎರಡನೇ ಸಲ ಹಚ್ಚಬೇಡಿ. ಬಾಟಲಿಯನ್ನೂ 1 ಮತ್ತು 2 ಔನ್ಸಿಗೆ ಇಳಿಸಿತು. ಆದರೆ ನಿಷೇಧ ಮಾತ್ರ ಮಾಡಲಿಲ್ಲ. ಹೇನಿನ ತೊಂದರೆ ಬಗ್ಗೆ ಕೆಲಸ ಮಾಡುವ ಸಂಘಟನೆಗಳು ಎಷ್ಟೋ ವರ್ಷದಿಂದ ಕೇಳುತ್ತಿದ್ದರೂ ಮಾಡಲಿಲ್ಲ. ನನ್ನ ಅನಿಸಿಕೆ ಹೇಳುವುದಾದರೆ, ಎಚ್ಚರಿಕೆಯ ಚೀಟಿ ಇಲ್ಲಿ ತಪ್ಪು ಮದ್ದು. ತುರಿಕೆ ತಡೆಯಲಾರದೆ ನಡುರಾತ್ರಿ ಬಾಟಲಿಗೆ ಕೈ ಹಾಕುವವರು ಲೇಬಲ್ ಓದುತ್ತಾ ಕೂರುವುದಿಲ್ಲ.

ಚರಂಡಿಯವರ ಲೆಕ್ಕ

ಈಗ ಮತ್ತೆ ಲಾಸ್ ಏಂಜಲೀಸಿಗೆ ಬರೋಣ. ಕ್ಯಾಲಿಫೋರ್ನಿಯದ ಹೊಳೆ ಕೆರೆಗಳಿಗಾಗಿ ಕೇಂದ್ರದ ಪರಿಸರ ಸಂಸ್ಥೆ ಇಪಿಎ ಒಂದು ಹೊಸ ನಿಯಮ ತರುವುದರಲ್ಲಿತ್ತು. 2000ದಲ್ಲಿ ಅದು ಅಂತಿಮವಾಯಿತು. ಕುಡಿಯುವ ನೀರಿಗೆ ಮೂಲವಾದ ಹೊಳೆಗಳಲ್ಲಿ ಲಿಂಡೇನ್ ಲೀಟರಿಗೆ 19 ನ್ಯಾನೊಗ್ರಾಂ ಮೀರಬಾರದು ಎಂದು ಅದರಲ್ಲಿತ್ತು. ನ್ಯಾನೊಗ್ರಾಂ ಅಂದರೆ ಒಂದು ಮಿಲಿಗ್ರಾಮನ್ನು 10 ಲಕ್ಷ ಪಾಲು ಮಾಡಿ ತೆಗೆದ ಒಂದು ಪಾಲು.

ಕಾಗದ ಪೆನ್ಸಿಲ್ ತೆಗೆದುಕೊಂಡು ನಾವೇ ಲೆಕ್ಕ ಹಾಕಬಹುದು. 2 ಔನ್ಸಿನ ಬಾಟಲಿ ಅಂದರೆ ಸುಮಾರು 60 ಮಿಲಿಲೀಟರ್. ಅದರಲ್ಲಿ ಶೇ. 1 ಲಿಂಡೇನ್, ಅಂದರೆ 600 ಮಿಲಿಗ್ರಾಂ. ನ್ಯಾನೊಗ್ರಾಮಿಗೆ ತಿರುಗಿಸಿದರೆ 60 ಕೋಟಿ. ಅದನ್ನು 19ರಿಂದ ಭಾಗಿಸಿದರೆ 3 ಕೋಟಿ ಲೀಟರಿಗಿಂತ ಜಾಸ್ತಿ ಬರುತ್ತದೆ. ಹಚ್ಚಿದ್ದೆಲ್ಲ ಚರಂಡಿಗೆ ಹೋಗುವುದಿಲ್ಲ. ಒಂದಿಷ್ಟು ಚರ್ಮ ಹೀರುತ್ತದೆ, ಒಂದಿಷ್ಟು ಬಟ್ಟೆಗೆ ಮೆತ್ತುತ್ತದೆ. ಕ್ಯಾಲಿಫೋರ್ನಿಯದವರ ಅಂದಾಜು ಇದಕ್ಕೆ ಹತ್ತಿರವೇ ಇದೆ: ಒಬ್ಬರ ಒಂದು ಸಲದ ಚಿಕಿತ್ಸೆ 60 ಲಕ್ಷ ಗ್ಯಾಲನ್ ನೀರನ್ನು ಮಿತಿಯಿಂದಾಚೆ ಒಯ್ಯಬಲ್ಲದು. ಅಂದರೆ ಸುಮಾರು 2.27 ಕೋಟಿ ಲೀಟರ್. ಬೆಂಗಳೂರಿನ ಬೀದಿಗಳಲ್ಲಿ ಓಡುವ 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 3,780 ಟ್ಯಾಂಕರ್. ಒಂದು ತಲೆಗೆ!

ಶುದ್ಧೀಕರಣ ಘಟಕ ಇದನ್ನು ತೆಗೆಯುವುದಿಲ್ಲವೇ ಎಂದು ಕೇಳಬಹುದು. ಆ ಘಟಕಗಳನ್ನು ಕಟ್ಟಿದ್ದು ಮಲಮೂತ್ರ, ಸೋಪು, ಅಡುಗೆಮನೆಯ ನೀರು ಇಂಥವಕ್ಕೆ. ಅಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿಗಳಿಗೆ ಲಿಂಡೇನ್ ಸುಲಭವಾಗಿ ಅರಗುವ ತಿನಿಸಲ್ಲ. ಅದನ್ನು ಪೂರ್ತಿ ತೆಗೆಯುವಂಥ ಹೊಸ ವ್ಯವಸ್ಥೆ ಕಟ್ಟಬೇಕಾದರೆ ಖರ್ಚು ವಿಪರೀತ. ಆ ಖರ್ಚು ಕೊನೆಗೆ ಜನರ ನೀರಿನ ಬಿಲ್ಲಿನ ಮೇಲೇ ಬರುತ್ತದೆ. ಒಂದು ಬಾಟಲಿಯನ್ನು ಅಂಗಡಿಯಲ್ಲೇ ತಡೆಯುವುದೋ, ಅಥವಾ ಅದನ್ನು 3,780 ಟ್ಯಾಂಕರ್ ನೀರಿನೊಳಗೆ ಹುಡುಕುತ್ತಾ ಹೋಗುವುದೋ? ಚರಂಡಿ ಸಂಸ್ಥೆಯವರು ಮೊದಲನೆಯದರ ಬೆನ್ನು ಹಿಡಿದರು.

19 ನ್ಯಾನೊಗ್ರಾಂ ಎಂಬ ಮಿತಿ ಅತಿಯಾಯಿತು ಎನ್ನುವವರಿಗೂ ಒಂದು ಆಧಾರ ಇದೆ. ಅಮೆರಿಕದ್ದೇ ಕುಡಿಯುವ ನೀರಿನ ಮಿತಿ ಲೀಟರಿಗೆ 200 ನ್ಯಾನೊಗ್ರಾಂ. ಹೊಳೆಯ ನೀರಿಗೆ ಅದಕ್ಕಿಂತ ಹತ್ತು ಪಟ್ಟು ಬಿಗಿ ಯಾಕೆ? ಯಾಕೆಂದರೆ ಎರಡನ್ನೂ ಬೇರೆ ಬೇರೆ ರೀತಿಯಲ್ಲಿ ಲೆಕ್ಕ ಹಾಕಿದ್ದಾರೆ. ಹೊಳೆಯ ಮಿತಿಯಲ್ಲಿ ನೀರು ಕುಡಿಯುವುದರ ಜೊತೆಗೆ ಅದೇ ನೀರಿನ ಮೀನು ತಿನ್ನುವುದೂ ಸೇರಿದೆ. ಜೀವಮಾನವಿಡೀ ಹಾಗೆ ತಿಂದು ಕುಡಿದರೂ ಕ್ಯಾನ್ಸರಿನ ಹೆಚ್ಚುವರಿ ಸಾಧ್ಯತೆ 10 ಲಕ್ಷಕ್ಕೆ ಒಂದನ್ನು ಮೀರಬಾರದು ಎಂಬುದು ಅದರ ಹಿಂದಿನ ಲೆಕ್ಕ. ಲಿಂಡೇನ್ ಕೊಬ್ಬಿನಲ್ಲಿ ಕೂಡಿಕೊಳ್ಳುವುದರಿಂದ ಮೀನಿನ ಲೆಕ್ಕ ಸುಮ್ನೆ ಸೇರಿಸಿದ್ದಲ್ಲ. ಮುಂದೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಲಿಂಡೇನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿತು. ಆದರೆ 2000ದಲ್ಲಿ ಆ ತೀರ್ಮಾನ ಯಾರ ಕೈಯಲ್ಲೂ ಇರಲಿಲ್ಲ. ಆಗ ನಿರ್ಧಾರ ಮಾಡಿದವರು ಅದಿಲ್ಲದೆಯೇ ಮಾಡಿದರು.

2000ದಲ್ಲಿ ಕ್ಯಾಲಿಫೋರ್ನಿಯದ ಶಾಸನಸಭೆ ಎಬಿ 2318 ಎಂಬ ಮಸೂದೆಯನ್ನು ಪಾಸು ಮಾಡಿತು. 2002ರ ಜನವರಿ 1ರಿಂದ ಜಾರಿ. ಹೇನು ಅಥವಾ ಕಜ್ಜಿಗೆ ಮನುಷ್ಯರ ಮೇಲೆ ಬಳಸುವ ಲಿಂಡೇನ್ ಇರುವ ಯಾವುದನ್ನೂ ರಾಜ್ಯದಲ್ಲಿ ಮಾರುವಂತಿಲ್ಲ, ಬಳಸುವಂತಿಲ್ಲ. ಕಾಯ್ದೆಯ ಮಾತು ಅಷ್ಟೇ, ನಾಲ್ಕು ಸಾಲು.

ಆಮೇಲೆ ಏನಾಯಿತು

ನಿಷೇಧದ ಕಥೆಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಕಾಯ್ದೆ ಬಂತು, ಚಪ್ಪಾಳೆ, ಎಲ್ಲರೂ ಮನೆಗೆ. ಈ ಪ್ರಕರಣ ನನಗೆ ಇಷ್ಟವಾಗುವುದು ಆಮೇಲೆ ಕೆಲವರು ತಿರುಗಿ ಹೋಗಿ ನೋಡಿದರು ಎಂಬ ಕಾರಣಕ್ಕೆ. 2008ರಲ್ಲಿ ಎನ್ವಿರಾನ್ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್ ಎಂಬ ಪತ್ರಿಕೆಯಲ್ಲಿ ಅದರ ವರದಿ ಬಂತು. ನೀರಿನ ಶುದ್ಧತೆಗಾಗಿ ಒಂದು ಔಷಧಿಯನ್ನು ಕಾನೂನಿನಿಂದ ನಿಷೇಧಿಸಿದ್ದು ಇದೇ ಮೊದಲು ಎಂದು ಅದನ್ನು ಬರೆದವರು ಹೇಳುತ್ತಾರೆ.

ಅವರು ಮೂರು ಕಡೆ ನೋಡಿದರು. ಕ್ಯಾಲಿಫೋರ್ನಿಯದ ದೊಡ್ಡ ಶುದ್ಧೀಕರಣ ಘಟಕಗಳಿಂದ ಹೊರಬರುವ ನೀರಿನಲ್ಲಿ ನಿಷೇಧದ ನಂತರ ಲಿಂಡೇನ್ ಇಳಿದಿತ್ತು. ರಾಜ್ಯದ ವಿಷ ನಿಯಂತ್ರಣ ಕೇಂದ್ರಕ್ಕೆ ಬರುತ್ತಿದ್ದ, ಗೊತ್ತಿಲ್ಲದೆ ಕುಡಿದರು ಅಥವಾ ಮೈಗೆ ತಾಗಿತು ಎಂಬ ಫೋನುಗಳೂ ಕಡಿಮೆಯಾಗಿದ್ದವು. ಮೂರನೆಯದು ಡಾಕ್ಟರುಗಳದ್ದು. ಮಕ್ಕಳ ತಜ್ಞರ ಸಂಘದ ಕ್ಯಾಲಿಫೋರ್ನಿಯ ಶಾಖೆಯ 400 ಸದಸ್ಯರ ನಡುವೆ ಒಂದು ಸಮೀಕ್ಷೆ ಮಾಡಿದರು. ಶೇ. 61 ಮಂದಿ ಹಿಂದೆ ಲಿಂಡೇನ್ ಬಳಸಿದ್ದವರು. ಶೇ. 81 ಮಂದಿಗೆ ನಿಷೇಧ ಗೊತ್ತಿತ್ತು. ಶೇ. 78 ಮಂದಿ ನಿಷೇಧದಿಂದ ನಮಗೇನೂ ಕಷ್ಟವಾಗಿಲ್ಲ ಎಂದರು.

ಈ ಮೂರನೆಯ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. ಔಷಧಿಯೊಂದನ್ನು ಕಿತ್ತುಕೊಂಡರೆ ರೋಗಿಗಳ ಗತಿಯೇನು ಎಂಬುದು ಇಂಥ ಚರ್ಚೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಆಕ್ಷೇಪ. ಕೊನೆಯ ಅಸ್ತ್ರ ಒಂದು ಕೈಯಲ್ಲಿರಲಿ ಎನ್ನುವುದು ವೈದ್ಯರ ಸಹಜ ಮಾತು, ಅದರಲ್ಲಿ ತಪ್ಪಿಲ್ಲ. ಇಲ್ಲಿ ಅಸ್ತ್ರ ಕಿತ್ತುಕೊಂಡದ್ದು ಹೆಚ್ಚಿನವರ ಅನುಭವಕ್ಕೇ ಬರಲಿಲ್ಲ. ಕಜ್ಜಿಗೆ ಶೇ. 5ರ ಪರ್ಮೆತ್ರಿನ್ ಮುಲಾಮು ಇತ್ತು, ಐವರ್ಮೆಕ್ಟಿನ್ ಮಾತ್ರೆ ಇತ್ತು. ಹೇನಿಗೆ ಶೇ. 1ರ ಪರ್ಮೆತ್ರಿನ್, ಮ್ಯಾಲಥಿಯಾನ್ ಲೋಷನ್. ಇವೂ ಹೆಚ್ಚಿನವು ಕೀಟನಾಶಕಗಳೇ, ಅದನ್ನು ಮುಚ್ಚಿಡುವುದೇಕೆ? ಆದರೆ ಪರ್ಮೆತ್ರಿನ್ ಚರ್ಮದ ಮೂಲಕ ತೀರಾ ಕಡಿಮೆ ಒಳಗೆ ಹೋಗುತ್ತದೆ, ಹೋದದ್ದನ್ನು ಮೈ ಬೇಗ ಒಡೆದು ಹೊರಹಾಕುತ್ತದೆ. ಔಷಧಿ ಯಾವುದೂ ಬೇಡ ಅನ್ನುವವರಿಗೆ ಒದ್ದೆ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚುವ ದಾರಿ ಇತ್ತು. ಅಮೆರಿಕದವರು ಅದಕ್ಕೊಂದು ಚೆಂದದ ಹೆಸರಿಟ್ಟು ವಿಧಾನ ಎಂದು ಕರೆಯುತ್ತಾರೆ. ಜಗಲಿಯ ಮೇಲೆ ಮೊಮ್ಮಗಳನ್ನು ಮೊಣಕಾಲ ಸಂದಿಯಲ್ಲಿ ಅದುಮಿ ಕೂರಿಸಿಕೊಂಡು ಸೀರಣಿಗೆ ಹಾಕುತ್ತಿದ್ದ ನಮ್ಮ ಅಜ್ಜಿಯರಿಗೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ. ಕೂತು ಬಾಚುವಷ್ಟು ಪುರುಸೊತ್ತು ಯಾರಿಗಿದೆ ಎಂಬುದು ಬೇರೆ ಪ್ರಶ್ನೆ.

ಈ ವರದಿಯನ್ನು ಸ್ವಲ್ಪ ಅನುಮಾನದಿಂದಲೂ ಓದಬೇಕು. ಆ ವರ್ಷಗಳಲ್ಲಿ ಅಮೆರಿಕದ ಎಲ್ಲ ಕಡೆ ಲಿಂಡೇನ್ ಬರೆಯುವುದು ಕಡಿಮೆಯಾಗುತ್ತಲೇ ಇತ್ತು. ಎಫ್‌ಡಿಎ ಎಚ್ಚರಿಕೆಯೂ ನಿಷೇಧ ಬಂದ ಮರುವರ್ಷವೇ ಬಂತು. ಹಾಗಾಗಿ ಇಳಿಕೆಯ ಎಲ್ಲ ಕೀರ್ತಿಯನ್ನೂ ಕಾಯ್ದೆಗೇ ಕೊಡಲಾಗದು. ಕಷ್ಟವಾಗಲಿಲ್ಲ ಎನ್ನುವುದೂ ಡಾಕ್ಟರ ನೆನಪಿನ ಮಾತು. ಕಜ್ಜಿ ಬಂದವರನ್ನೇ ಕೇಳಿದ್ದಲ್ಲ. ಇಷ್ಟೆಲ್ಲ ಕಳೆದ ಮೇಲೂ ಒಂದು ಉಳಿಯುತ್ತದೆ. ನಿಷೇಧದಿಂದ ಆಗಿಬಿಡುತ್ತದೆ ಎಂದು ಹೆದರಿಸುವಂಥ ಅನಾಹುತ ಈ ವರದಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಬೇರೆ ರಾಜ್ಯಗಳ ದಾರಿ ಇಷ್ಟು ಸಲೀಸಾಗಿರಲಿಲ್ಲ. ಮಿಷಿಗನ್‌ನಲ್ಲಿ ಇಂಥದೇ ನಿರ್ಬಂಧಕ್ಕಾಗಿ ಓಡಾಡುತ್ತಿದ್ದ ಒಂದು ಪರಿಸರ ಸಂಸ್ಥೆಯ ಮೇಲೆ ಲಿಂಡೇನ್ ತಯಾರಿಸುವ ಔಷಧ ಕಂಪನಿ 2006ರಲ್ಲಿ ಕೋರ್ಟಿಗೆ ಹೋಯಿತು. ನಮ್ಮ ಔಷಧಿಗೆ ಸುಳ್ಳು ಅಪಪ್ರಚಾರ ಮಾಡುತ್ತಿದ್ದೀರಿ ಎಂಬುದು ದೂರು. ಮರುವರ್ಷ ಎಫ್‌ಡಿಎಯೇ ಆ ಕಂಪನಿಗೆ ಪತ್ರ ಬರೆದು, ನಿಮ್ಮ ಪ್ರಚಾರ ಸಾಮಗ್ರಿ ಜನರನ್ನು ದಾರಿ ತಪ್ಪಿಸುತ್ತಿದೆ ಎಂದಿತು. ಅದೇ 2006ರಲ್ಲಿ ಇನ್ನೊಂದು ವಿಚಿತ್ರವೂ ನಡೆಯಿತು. ಅಮೆರಿಕದ ಹೊಲಗಳಲ್ಲಿ ಉಳಿದಿದ್ದ ಲಿಂಡೇನಿನ ಕೊನೆಯ ಬಳಕೆ, ಅಂದರೆ ಬೀಜೋಪಚಾರ, ನಿಂತುಹೋಯಿತು. ಜೋಳದ ಬೀಜಕ್ಕೆ ಬೇಡವಾದದ್ದು ಮಗುವಿನ ತಲೆಗೆ ಇನ್ನೂ ನಡೆಯುತ್ತಿತ್ತು.

ಜಿನೀವಾ, ಮತ್ತೆ ನಮ್ಮೂರಿನ ಬಾಟಲಿ

ಬೇಗ ಒಡೆಯದ, ಗಾಳಿಯಲ್ಲಿ ತೇಲಿ ದೂರ ಹೋಗುವ ವಿಷಗಳಿಗೆ ಸ್ಟಾಕ್‌ಹೋಮ್ ಒಪ್ಪಂದ ಎಂಬ ಜಾಗತಿಕ ಕರಾರಿದೆ. ಲಿಂಡೇನನ್ನು ಅದರ ಪಟ್ಟಿಗೆ ಸೇರಿಸಿ ಎಂದು 2005ರಲ್ಲಿ ಕೇಳಿದ್ದು ಮೆಕ್ಸಿಕೊ. ಯಾರೂ ಹೊಲ ಮಾಡದ ಉತ್ತರ ಧ್ರುವದ ಹಿಮದಲ್ಲಿ, ಅಲ್ಲಿನ ಸೀಲ್ ಪ್ರಾಣಿಗಳ ಕೊಬ್ಬಿನಲ್ಲಿ ಈ ಜಾತಿಯ ರಾಸಾಯನಿಕಗಳು ಸಿಕ್ಕಿದ್ದವು. 2009ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಒಪ್ಪಿದವು. ಒಂದು ವಿನಾಯಿತಿ ಮಾತ್ರ ಉಳಿಸಿಕೊಂಡರು. ಅದೂ ಹೇನು ಮತ್ತು ಕಜ್ಜಿಗೆ, ಎರಡನೇ ಸಾಲಿನ ಔಷಧಿಯಾಗಿ, ಬೇಕೆಂದು ನೋಂದಾಯಿಸಿಕೊಂಡ ದೇಶಗಳಿಗೆ, ಐದು ವರ್ಷದ ಅವಧಿಗೆ. ಕ್ಯಾಲಿಫೋರ್ನಿಯ ಏಳು ವರ್ಷ ಮೊದಲೇ ಬಿಟ್ಟಿದ್ದನ್ನೇ ಜಗತ್ತು ಕೊನೆಗೆ ಉಳಿಸಿಕೊಂಡಿತು.

ಭಾರತ ಬಿಎಚ್‌ಸಿ ಪುಡಿಯನ್ನು 1997ರ ಏಪ್ರಿಲ್ 1ರಿಂದ ನಿಷೇಧಿಸಿತ್ತು. ಲಿಂಡೇನ್ ತಯಾರಿಕೆಗೆ 2011ರ ಮಾರ್ಚ್‌ನಿಂದ, ಬಳಕೆಗೆ 2013ರ ಮಾರ್ಚ್‌ನಿಂದ ನಿಷೇಧ ಬಂತು. ಈ ಆದೇಶಗಳು ಬಂದದ್ದು ಕೀಟನಾಶಕ ಕಾಯ್ದೆಯ ಕೆಳಗೆ, ಕೃಷಿ ಸಚಿವಾಲಯದಿಂದ. ಮೆಡಿಕಲ್ ಶಾಪಿನ ಬಾಟಲಿಯನ್ನು ನೋಡಿಕೊಳ್ಳುವುದು ಬೇರೆ ಕಾಯ್ದೆ, ಬೇರೆ ಸಚಿವಾಲಯ. ಆ ಬಾಟಲಿಯ ಮೇಲೆ ಲಿಂಡೇನ್ ಎಂಬ ಪದ ಹುಡುಕಿದರೆ ಸಿಗದೇ ಹೋಗಬಹುದು. ನಮ್ಮಲ್ಲಿ ಬಹಳ ಕಾಲ ಮಾರಾಟವಾದ ಕಜ್ಜಿ ಲೋಷನ್ನುಗಳ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತಿದ್ದದ್ದು ಗಾಮಾ ಬೆಂಜೀನ್ ಹೆಕ್ಸಾಕ್ಲೋರೈಡ್, ಶೇ. 1. ಹೆಸರು ಬೇರೆ, ವಸ್ತು ಅದೇ. ಮನೆಯ ಕಪಾಟಿನ ಹಿಂದೆ ಅಂಥ ಹಳೆಯ ಬಾಟಲಿ ಇದ್ದರೆ ಬಚ್ಚಲಿಗೆ ಸುರಿಯಬೇಡಿ.